ಹಾವಿನ ಹಿಂದೆ ಹೋಗುತ್ತಿದ್ದ ಹುಡುಗಿ

ಮೊನ್ನೆ ಅಟ್ಟದ ಮೇಲಿನ ಹಳೇ ಸಾಮಾನು ಇಳಿಸುವಾಗ ಒಂದು ಜೊತೆ ಗಮ್‌ಬೂಟು ಸಿಕ್ಕಿತು. ರಬ್ಬರು ಬಿರಿದುಹೋಗಿತ್ತು, ವಾಸನೆ ಮಾತ್ರ ಹಾಗೇ ಇತ್ತು... ಸೈಕಲ್ ಟ್ಯೂಬಿನ ವಾಸನೆ. ಎಸೆಯಲಾ ಎಂದು ಸೊಸೆ ಕೇಳಿದಳು. ಎಸೆ ಎಂದೆ. ಎಸೆದ ಮೇಲೂ ವಾಸನೆ ಕೈಯಲ್ಲೇ ಉಳಿಯಿತು, ಆ ಹುಡುಗಿ ನೆನಪಾದಳು. ಅವಳು ಹೋದ ಮೇಲೆ ಅವಳ ವಿಷಯ ನಾನು ಯಾರ ಹತ್ತಿರವೂ ಆಡಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ತಿಳಿದ ಹಾಗೆ ಬರೆಯುತ್ತೇನೆ.

ನಮ್ಮದು ಯಲಹಂಕದ ಆಚೆ. ಊರೆಂದರೆ ಈಗ ನಾಲ್ಕು ಬೀದಿ, ಮಿಕ್ಕಿದ್ದೆಲ್ಲ ಅಪಾರ್ಟ್‌ಮೆಂಟು. ಕೆರೆ ಪಕ್ಕದಲ್ಲಿ ನಮಗೊಂದು ತುಂಡು ಜಮೀನು ಉಳಿದಿದೆ. ಅದರ ಬೇಲಿಯುದ್ದಕ್ಕೂ ಹುಲ್ಲು, ಲಂಟಾನ, ಕಾಂಗ್ರೆಸ್ ಗಿಡ. ಎರಡು ಸೀಮೆ ಹಸುವಿಗೆ ದಿನಾ ಬೆಳಿಗ್ಗೆ ನಾನೇ ಅಲ್ಲಿ ಹುಲ್ಲು ಕುಯ್ಯುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಆ ಹುಡುಗಿ ಬಂದಳು. ಕಡ್ಡಿಯಂಥವಳು, ತಲೆಗೆ ಟೋಪಿ, ಕೊರಳಿಗೆ ನೇತುಹಾಕಿದ ಒಂದು ಪೆಟ್ಟಿಗೆ, ಕೈಯಲ್ಲಿ ಹಿಂದಿನ ಕಾಲದ ಟಿವಿ ಆಂಟೆನಾದಂಥ ಕೋಲು. ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತ ನಮ್ಮ ಬೇಲಿ ಪಕ್ಕ ನಡೆಯುತ್ತಿದ್ದಳು. ಕೇಳಿದ್ದಕ್ಕೆ, ಪಿಎಚ್‌ಡಿ ಓದುತ್ತಿದ್ದೇನೆ, ಪ್ರಾಣಿಗಳ ಮೇಲೆ ಎಂದಳು. ವಿಜಯಪುರದ ಕಡೆಯವಳು, ವಿದ್ಯಾರಣ್ಯಪುರದಲ್ಲಿ ರೂಮು. ಯಾವ ಪ್ರಾಣಿ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಂಬಿದ್ದರೆ ತಾನೇ ಕೇಳುವುದು. ಅಮ್ಮಾ, ಅವಳು ಕೆರೇಲಿ ಯಾವ ಸೀರಿಯಲ್ ಹುಡುಕ್ತಾವ್ಳೆ ಎಂದು ನನ್ನ ಮಗ ನಕ್ಕ.

ನನಗೆ ನಗು ಬರಲಿಲ್ಲ. ಹಿಂದೆ ನಮ್ಮ ಎರಡು ಎಕರೆ ಲೇಔಟಿಗೆ ಹೋಗಿದ್ದೂ ಹೀಗೇ. ಮೊದಲು ಟೋಪಿಯವರು ಬಂದರು, ಕೈಯಲ್ಲಿ ಏನೋ ಸಾಮಾನು, ಆಮೇಲೆ ಕಲ್ಲಿಗೆ ಕೆಂಪು ಬಣ್ಣ, ಆಮೇಲೆ ನೋಟೀಸು. ಈ ಹುಡುಗಿ ಹೋದ ಮೇಲೆ ನೋಡಿದರೆ ಲಂಟಾನದ ಕೊಂಬೆಗೆ ಒಂದು ಗುಲಾಬಿ ರಿಬ್ಬನ್ನು ಕಟ್ಟಿತ್ತು. ರೋಡು ಬರುವುದಕ್ಕೆ ಗುರುತು ಹಾಕಿದ್ದಾಳೆ ಎಂದುಕೊಂಡೆ. ಬಿಚ್ಚಿದೆ. ಎರಡು ದಿನ ಬಿಟ್ಟು ಇನ್ನೊಂದು ಕಡೆ ಕಟ್ಟಿದಳು, ಅದನ್ನೂ ಬಿಚ್ಚಿದೆ. ಒಂದು ತಿಂಗಳು ಹೀಗೇ ನಡೆಯಿತು. ಒಳ್ಳೆ ಗಟ್ಟಿ ರಿಬ್ಬನ್ನು, ಎಸೆಯಲು ಮನಸ್ಸಾಗದೆ ಹುಲ್ಲಿನ ಹೊರೆ ಕಟ್ಟಲು ಇಟ್ಟುಕೊಂಡೆ.

ಒಂದು ಬೆಳಿಗ್ಗೆ ಅವಳು ನನ್ನ ಹೊರೆ ನೋಡಿ ನಿಂತುಬಿಟ್ಟಳು.

"ಅಜ್ಜಿ, ಈ ರಿಬ್ಬನ್ ಎಲ್ಲಿ ಸಿಕ್ಕವ್ರಿ?"

"ನಮ್ ಬೇಲೀಲಿ. ಯಾವ ರೋಡ್ ಬತ್ತೈತೆ ಇಲ್ಲಿ? ನಮ್ ಜಮೀನ್ ಮ್ಯಾಲೇ ಯಾಕವ್ವ ಕಣ್ಣು ನಿಮ್ಗೆ?"

"ರೋಡ್ ಅಲ್ರಿ. ನೀವು ಇವನ್ನ ಕೈಲೆ ಬಿಚ್ಚಿದ್ರೇನು?"

"ಇನ್ನೇನು ಕಾಲಲ್ಲಿ ಬಿಚ್ತಾರಾ?"

ಅವಳು ಅಲ್ಲೇ ಮಣ್ಣಲ್ಲಿ ಕೂತಳು. ಆಮೇಲೆ ಹೇಳಿದಳು, "ಕೊಳಕುಮಂಡಲ ಕುಂತ ಜಾಗಕ್ಕ ಕಟ್ಟಿದ ಗುರುತ್ರಿ ಅವು."

ಒಂದೊಂದಾಗಿ ಬಿಡಿಸಿ ಹೇಳಿದಳು. ಅರಣ್ಯ ಇಲಾಖೆಯ ಒಪ್ಪಿಗೆ ತಗೊಂಡು, ದನದ ಡಾಕ್ಟರ ಕೈಲಿ ಹಾವಿನ ಹೊಟ್ಟೆ ಕೊಯ್ಸಿ, ಬೆರಳಿನ ಗೆಣ್ಣಿನಷ್ಟು ಒಂದು ಮಷೀನು ಇಟ್ಟು ಹೊಲಿಸಿದ್ದಾರೆ. ಅದು ಒಳಗಿನಿಂದ ಕೂಗುತ್ತಿರುತ್ತದೆ, ಇವಳ ಪೆಟ್ಟಿಗೆಯಲ್ಲಿ ಟಕ್ ಟಕ್ ಎಂದು ಕೇಳುತ್ತದೆ. ಹಾವು ಎಲ್ಲಿ ಕೂತಿದೆಯೋ ಅಲ್ಲಿ ರಿಬ್ಬನ್ನು ಕಟ್ಟಿ ಪುಸ್ತಕದಲ್ಲಿ ಬರೆಯುತ್ತಾಳೆ. ಒಂದೊಂದು ಸಲ ಒಂದೇ ಜಾಗದಲ್ಲಿ ಮೂರು ನಾಲ್ಕು ದಿನ ಅಲ್ಲಾಡದೆ ಬಿದ್ದಿರುತ್ತದಂತೆ. ಪುಸ್ತಕ ತೆಗೆದು, ಹೋದ ಸೋಮವಾರ ಬೆಳಿಗ್ಗೆ ಎಲ್ಲಿ ಕುಯ್ದಿರಿ ಎಂದು ಕೇಳಿದಳು. ಹೊಂಗೆ ಮರದ ಬುಡದಲ್ಲಿ ಎಂದೆ, ಒಂದು ಹೊರೆಯಷ್ಟು ಅಲ್ಲೇ ಕೂತು ಕುಯ್ದೆ. ಅವಳು ಕೈ ಅಳತೆ ತೋರಿಸಿದಳು. ಒಂದು ಮೊಳ. ನನ್ನ ಕೈಗೂ ಅದಕ್ಕೂ ಒಂದು ಮೊಳ ಇತ್ತು.

ನನಗೆ ಅಲ್ಲೇ ಉಚ್ಚೆ ಹೋಯಿತು. ಸುಳ್ಳು ಹೇಳುವುದೇಕೆ.

ಅವಳು ಅಷ್ಟು ಹೊತ್ತಿಗೆ ಪುಸ್ತಕದಲ್ಲಿ ಬರೆಯಲು ಶುರು ಮಾಡಿದ್ದಳು. ನನ್ನ ಜೀವ ಹೋಗ್ತಿದೆ, ನಿನಗೆ ಬರವಣಿಗೆಯಾ ಎಂದು ಬೈದೆ. ಅವಳ ಓದೇ ಅದಂತೆ. ಜನ ಎಷ್ಟು ಹತ್ತಿರ ಹೋದರೂ ಹಾವು ಹೇಗೆ ಸುಮ್ಮನಿರುತ್ತದೆ ಎಂದು ಲೆಕ್ಕ ಇಡುವುದು. "ಅದು ನಿಮ್ಮನ್ನ ದಿನಾ ನೋಡೈತ್ರಿ ಅಜ್ಜಿ. ಕಡಿಯೂದಿದ್ರ ಎಂದೋ ಕಡೀತಿತ್ತು," ಎಂದಳು. ಧೈರ್ಯ ಹೇಳಿದ್ದಂತೆ ಅದು. ಆಮೇಲೆ ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಕೊಟ್ಟಿಗೆಯಲ್ಲಿ ಹಗ್ಗ ಎತ್ತುವುದಕ್ಕೂ ಸೊಸೆಯನ್ನು ಕರೆಯುತ್ತಿದ್ದೆ.

ಅದನ್ನು ಹಿಡಿದುಕೊಂಡು ಹೋಗು ಎಂದೆ. ಬೇರೆ ಕಡೆ ಬಿಟ್ಟರೆ ದಾರಿ ತಪ್ಪಿ ಅಲೆದು ಯಾವುದಾದರೂ ಚಕ್ರದ ಕೆಳಗೆ ಸಾಯುತ್ತದೆ ಎಂದಳು. ನಾಲ್ಕು ಹಾವಿಗೆ ಮಷೀನು ಇಟ್ಟಿದ್ದರಂತೆ. ಒಂದು ಜೆಸಿಬಿಗೆ, ಒಂದು ರೋಡಿಗೆ, ಒಂದು ಜನರ ದೊಣ್ಣೆಗೆ ಹೋಯಿತು, ಉಳಿದಿದ್ದು ಇದೊಂದೇ. ಇದೂ ಹೋದರೆ ಎರಡು ವರ್ಷದ ಕೆಲಸ ಹೋದ ಹಾಗೆ. ನನ್ನ ಕೈ ಹಿಡಿದುಕೊಂಡು, ಯಾರಿಗೂ ಹೇಳಬ್ಯಾಡ್ರಿ ಎಂದಳು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಗರಹಾವಾಗಿದ್ದರೆ ನಮ್ಮವರು ಕೈಮುಗಿದು ದಾರಿ ಬಿಡುತ್ತಾರೆ, ಹುತ್ತಕ್ಕೆ ಹಾಲೆರೆಯುತ್ತಾರೆ. ಮಂಡಲಕ್ಕೆ ಅದೊಂದೂ ಇಲ್ಲ. ಕೊಂದರೆ ಪಾಪವೂ ಇಲ್ಲ.

ನಾನು ಹೇಳಲಿಲ್ಲ. ಯಾಕೆ ಎಂದರೆ... ಗೊತ್ತಿಲ್ಲ. ಅವಳು ದಿನಾ ನನಗಿಂತ ಮೊದಲೇ ಬಂದು ಹುಡುಕಿ ಇಟ್ಟಿರುತ್ತಿದ್ದಳು. ಇವತ್ತು ಮೋರಿ ಕಡೆ ಬ್ಯಾಡ್ರಿ, ಇವತ್ತು ಹೊಂಗೆ ಕಡೆ ಬ್ಯಾಡ್ರಿ ಎನ್ನುತ್ತಿದ್ದಳು. ಗಮ್‌ಬೂಟು ತಂದುಕೊಟ್ಟವಳೂ ಅವಳೇ. ಅವಳು ಹೇಳದೆ ನಾನು ಹುಲ್ಲಿಗೆ ಕುಡುಗೋಲು ಹಾಕುತ್ತಿರಲಿಲ್ಲ. ಒಂದು ದಿನ ಮುದ್ದೆ ಕೊಟ್ಟರೆ ಅಗಿಯಲು ಹೋದಳು. ಅಗೀಬಾರ್ದು ಕಣೆ, ನುಂಗ್ಬೇಕು ಎಂದೆ. "ನಿಮ್ಮ ಮುದ್ದಿ ನುಂಗೂದಕಿಂತ ಹಾವು ಹಿಡಿಯೂದು ಹಗೂರ ಐತ್ರಿ," ಎಂದಳು. ನಕ್ಕೆವು. ನಗುವಾಗಲೂ ನನ್ನ ಕಣ್ಣು ನೆಲದ ಮೇಲೇ ಇತ್ತು.

ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಅದು ಬಸುರಿ ಎಂದಳು. ಮೊಟ್ಟೆ ಇಡುವುದಿಲ್ಲವಂತೆ, ಮರಿಯನ್ನೇ ಹಾಕುತ್ತದಂತೆ, ಇಪ್ಪತ್ತು ಮೂವತ್ತು. ಹುಟ್ಟಿದ ಗಳಿಗೆಯಿಂದಲೇ ವಿಷ.

"ಆ ಮರೀಗೂ ಮಷೀನ್ ಇಕ್ತೀಯಾ?"

"ಇಲ್ರಿ."

"ಮತ್ತೆ ಅವು ಎಲ್ಲೆಲ್ಲವೆ ಅಂತ ನಿಂಗೆಂಗ್ ಗೊತ್ತಾಯ್ತದೆ?"

"ಗೊತ್ತಾಗಂಗಿಲ್ರಿ ಅಜ್ಜಿ."

ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅದೇ ಅವಳ ದೋಷ.

ಆ ವಾರ ಅವಳು ಪುಸ್ತಕ ತೋರಿಸಿ ಬರುತ್ತೇನೆ ಎಂದು ಗೈಡ್ ಸಾರ್ ಹತ್ತಿರ ಹೋದಳು. ಮೋರಿ ಕಡೆ ಹೋಗಬೇಡಿ ಎಂದು ಹೇಳಿ ಹೋಗಿದ್ದಳು. ಮೂರು ದಿನವಾದರೂ ಬರಲಿಲ್ಲ. ನನ್ನ ಮಂಡಿ ಹಿಡಿದುಕೊಂಡಿತ್ತು, ನಾನು ಕುಯ್ತೀನಿ ಬಿಡಿ ಅತ್ತೆ ಎಂದು ಸೊಸೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಸೀದಾ ಮೋರಿ ಕಡೆ. ನಾನು ಸೆರಗು ಹಿಡಿದು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳಿಗೆ ಹೇಳಿದರೆ ನನ್ನ ಮಗನಿಗೆ ಹೇಳಿದ ಹಾಗೆ ಎಂದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಹತ್ತು ಗಂಟೆಗೆ ಮಗ ಜೆಸಿಬಿ ತಂದ, ಜೊತೆಗೆ ಬೀದಿಯ ನಾಲ್ಕು ಜನ. ಬೇಲಿ ಪೂರ್ತಿ ಕೆರೆದರು. ಮೋರಿ ಪಕ್ಕದ ಪೊದೆ ಎತ್ತಿದಾಗ ಕುಕ್ಕರು ಕೂಗಿದ ಹಾಗೆ ಒಂದು ಸದ್ದು. ಜೆಸಿಬಿಯ ಗಲಾಟೆಯಲ್ಲೂ ನನಗೆ ಕೇಳಿಸಿತು. ತೊಡೆಯಷ್ಟು ದಪ್ಪ ಎಂದು ನಾನು ಅಂದುಕೊಂಡಿದ್ದೆ, ಮುಂಗೈಯಷ್ಟೂ ಇರಲಿಲ್ಲ. ಹಾರೆಯಲ್ಲಿ ಹೊಡೆದು ಗುಂಡಿಗೆ ಹಾಕಿ ಮಣ್ಣು ಎಳೆದರು. ಕಿತ್ತ ಲಂಟಾನ ಸೌದೆಗಾಯಿತು ಎಂದು ಮಗ ನಮ್ಮ ಕೊಟ್ಟಿಗೆ ಹಿಂದೆಯೇ ತಂದು ಸುರಿಸಿದ.

ಮಾರನೆಯ ದಿನ ಅವಳು ಬಂದಳು. ಬೋಳು ನೆಲ ನೋಡಿದಳು. ಪೆಟ್ಟಿಗೆಯ ಸ್ವಿಚ್ಚು ಹಾಕಿದಳು. ಟಕ್ ಟಕ್... ಸತ್ತ ಹಾವು ಮಣ್ಣಿನ ಕೆಳಗಿನಿಂದ ಕೂಗುತ್ತಲೇ ಇತ್ತು. ಗುಂಡಿಯ ಹತ್ತಿರ ಹೋದಷ್ಟೂ ಜೋರಾಯಿತು. ಒಂದು ಕೋಲಿನಲ್ಲಿ ಮಣ್ಣು ಸರಿಸಿ, ಜಜ್ಜಿದ ತಲೆಯನ್ನು ಬಟ್ಟೆಯಲ್ಲಿ ಸುತ್ತಿ, ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತುತ್ತ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮತ್ತೊಂದು ಸಲ ನೋಡಿದಳು.

"ಹೊಟ್ಟಿ ಖಾಲಿ ಐತ್ರಿ ಅಜ್ಜಿ," ಎಂದಳು.

ನನಗೆ ತಕ್ಷಣ ಹೊಳೆಯಲಿಲ್ಲ.

"ಮರಿ ಹಾಕೈತ್ರಿ. ಎರಡ್ ಮೂರ್ ದಿನ ಆಗಿರಬೇಕು. ಆ ಪೊದಿ ಎಲ್ಲಿ ಹಾಕಿದ್ರಿ?"

ನಾನು ಕೊಟ್ಟಿಗೆ ಕಡೆ ಕೈ ತೋರಿಸಿದೆ. ಕೈ ಮೇಲೆತ್ತಿದ್ದು ಕೆಳಗಿಳಿಯಲಿಲ್ಲ.

ಸಂಜೆಯವರೆಗೆ ಅವಳೇ ಉದ್ದದ ಕೊಕ್ಕೆಯಲ್ಲಿ ಆ ರಾಶಿಯನ್ನು ಒಂದೊಂದು ಕೊಂಬೆ ಎತ್ತಿ ನೋಡಿದಳು. ನಾನು, ಸೊಸೆ, ಮಗ ಜಗಲಿ ಮೇಲೆ ಕಾಲು ಮೇಲಿಟ್ಟುಕೊಂಡು ಕೂತಿದ್ದೆವು. ನಾಲ್ಕು ಮರಿ ಸಿಕ್ಕಿದವು, ಡಬ್ಬಿಗೆ ಹಾಕಿದಳು. ಇನ್ನು ಕಾಣಲಿಲ್ಲ. ಉಳಿದವು ಎಲ್ಲಿ ಎಂದು ಮಗ ಕೇಳಿದ. ಅವಳು ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು. ಡಬ್ಬಿಯನ್ನೂ ಸತ್ತ ಹಾವನ್ನೂ ಚೀಲದಲ್ಲಿಟ್ಟುಕೊಂಡು ಹೋದಳು. ಹೋಗುವಾಗ ನನಗೆ, ಕೈ ಹಾಕೂ ಮೊದಲ ಕೋಲು ಆಡಸ್ರಿ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಬರಲಿಲ್ಲ. ಬೇರೆ ಊರಿಗೆ ಹೋದಳೋ, ಓದು ಬಿಟ್ಟಳೋ, ಬೇರೆ ಪ್ರಾಣಿ ಹಿಡಿದಳೋ ತಿಳಿಯದು. ನಂಬರು ಫೋನಿನಲ್ಲಿತ್ತು. ಮಾಡಲಿಲ್ಲ, ಮಾಡಿ ಏನೆಂದು ಹೇಳುವುದು. ಅವಳ ಕೆಲಸ ಕೆಡಿಸಿದವಳು ನಾನು. ಹೇಳದೆ ಇದ್ದು ಸೊಸೆಗೆ ಕಡಿದಿದ್ದರೆ ಅದಕ್ಕೂ ನಾನೇ. ಎರಡನ್ನೂ ತೂಗಿ ನೋಡುವಷ್ಟು ಬುದ್ಧಿ ನನಗಿಲ್ಲ.

ಬೇಲಿಯಲ್ಲಿ ಹುಲ್ಲು ಮೊದಲಿಗಿಂತ ದಟ್ಟವಾಗಿ ಬಂದಿದೆ. ಇದುವರೆಗೆ ಯಾರಿಗೂ ಏನೂ ಆಗಿಲ್ಲ. ಆ ಮರಿಗಳು ಬದುಕಿದ್ದರೆ ಇಷ್ಟು ಹೊತ್ತಿಗೆ ತಾಯಿಯಷ್ಟಾಗಿರುತ್ತವೆ. ಇವತ್ತು ಬೆಳಿಗ್ಗೆಯೂ ಹೋಗಿದ್ದೆ. ಕೋಲಿನಲ್ಲಿ ಬಡಿದೆ, ಸ್ವಲ್ಪ ಹೊತ್ತು ನಿಂತೆ. ಎಲ್ಲೈತವ್ವ ಇವತ್ತು ಎಂದು ಬಾಯಿಗೆ ಬಂದುಬಿಟ್ಟಿತು. ಸುತ್ತ ಯಾರೂ ಇರಲಿಲ್ಲ. ಮನೆಯಲ್ಲಿ ಹಸುಗಳು ಕೂಗುತ್ತಿದ್ದವು. ಕೂತು ಹುಲ್ಲಿಗೆ ಕೈ ಹಾಕಿದೆ.