ಬಾನೆಟ್ಟಿನ ಮೇಲೆ ಬಂದ ಆಕಾಶಹಡಗು

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಗಡಿಯಾರ ರಿಪೇರಿ ಮಾಡುವ ದಾವಲಮಲಿಕನಿಗೆ ಈಗ ಐವತ್ತೇಳು ವರ್ಷ. ರಿಪೇರಿ ಎಂದರೆ ಇನ್ನೇನು ಉಳಿದಿದೆ ಹೇಳಿ! ಸೆಲ್ಲು ಹಾಕುವುದು, ಪಟ್ಟಿ ಬದಲಿಸುವುದು, ಮುಗಿಯಿತು. ಆದರೆ ಕೈ ಹಳೆಯ ಕೈ. ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿದು ಬೆಳೆದ ಕೈ. ಅಂಥ ಕೈ ಸುಮ್ಮನೆ ಕೂರುವುದಿಲ್ಲ, ಅದಕ್ಕೇನಾದರೂ ಕೆಲಸ ಬೇಕು. ಅದಕ್ಕೇ ಅವನು ಆಕಾಶಹಡಗು ಕಟ್ಟುತ್ತಾನೆ. ನಗಬೇಡಿ, ನಾನೂ ಮೊದಲು ನಕ್ಕವನೇ.

ನಿಜವಾಗಿ ಹಾರುವ ಹಡಗಲ್ಲ ಅದು. ಕಟ್ಟುಕತೆಗಳಲ್ಲಿ ಬರುವ, ಈವರೆಗೆ ಯಾರೂ ಮಾಡಿರದ ಹಡಗು. ಅದರ ಪುಟ್ಟ ಮಾದರಿಯನ್ನು ಬಿಡಿಬಿಡಿ ಪ್ಲಾಸ್ಟಿಕ್ ತುಂಡುಗಳಾಗಿ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ, ಕಿಟ್ ಅನ್ನುತ್ತಾರೆ. ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಹಡಗು ಮಾಡಿಕೊಳ್ಳುವುದು ಕೊಂಡವನ ಪಾಲಿನ ಕೆಲಸ. ನಿಜದ ಹಡಗಿನ ಎಪ್ಪತ್ತೆರಡರಲ್ಲಿ ಒಂದು ಪಾಲು ಅಳತೆ ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಇದನ್ನು ಹೆಂಡತಿ ಜನ್ನತಬಿಗೆ ಓದಿ ಹೇಳಿದ ದಿನ ಆಕೆ ಹಿಟ್ಟಿನ ಕೈಯನ್ನೇ ಸೊಂಟದ ಮೇಲಿಟ್ಟುಕೊಂಡು ಕೇಳಿದ್ದಳು:

“ಅಂಥಾ ಹಡಗಽ ಇಲ್ಲ ಅಂತೀರಿ. ಇಲ್ಲದ್ದನ್ನ ಎಪ್ಪತ್ತೆರಡು ಪಾಲು ಮಾಡಿದ್ರ ಒಂದು ಪಾಲಿಗೆ ಎಷ್ಟು ಬರ್ತೈತ್ರಿ?”

ದಾವಲಮಲಿಕ ಡಬ್ಬಿ ಎತ್ತಿಕೊಂಡು ಅಂಗಡಿಗೆ ಹೊರಟುಬಿಟ್ಟಿದ್ದ.

ಹೋಗಲಿ, ಈ ಕಿಟ್ಟಾದರೂ ಸಿಗುತ್ತದೆಯೇ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಪೇಟೆ ಚಪ್ಪಲಿ ಹರಿಯುವಂತೆ ಸುತ್ತಿ ಬನ್ನಿ. ಆಟಿಕೆ ಅಂಗಡಿಯಲ್ಲಿ ಟ್ರ್ಯಾಕ್ಟರ್ ಇದೆ, ಜೆಸಿಬಿ ಇದೆ, ಪೀಪಿ ಊದುವ ಗೊಂಬೆ ಇದೆ. ಆಕಾಶಹಡಗಿನ ಕಿಟ್ ಕೊಡಿ ಎಂದರೆ ಅಂಗಡಿಯವನು ನಿಮ್ಮ ಮುಖವನ್ನೇ ಎರಡು ಸಲ ನೋಡುತ್ತಾನೆ. ಮೊಬೈಲಿನಲ್ಲಿ ತರಿಸೋಣವೆಂದರೆ ಯುದ್ಧವಿಮಾನ ಸಿಗುತ್ತದೆ, ಟ್ಯಾಂಕ್ ಸಿಗುತ್ತದೆ. ಆಕಾಶಹಡಗಿನ ಚಿತ್ರದ ಕೆಳಗೆ ಮಾತ್ರ ‘ಸ್ಟಾಕ್ ಇಲ್ಲ’. ಅಪ್ಪಿತಪ್ಪಿ ಸ್ಟಾಕ್ ಇದ್ದರೆ ‘ನಿಮ್ಮ ಊರಿಗೆ ತಲುಪಿಸುವುದಿಲ್ಲ’. ನಮ್ಮ ಊರೇನು ಚಂದ್ರಲೋಕದಲ್ಲಿದೆಯೇ?

ಈ ಹುಚ್ಚು ನಾಲ್ಕು ತಾಲೂಕಿನಲ್ಲಿ ನಾಲ್ಕೇ ಜನಕ್ಕಿತ್ತು. ಮೊಬೈಲಿನ ಒಂದು ಗುಂಪಿನಲ್ಲಿ ಒಬ್ಬರಿಗೊಬ್ಬರು ಸಿಕ್ಕಿದವರು. ನಾಲ್ಕು ಜನಕ್ಕೆ ನಾಲ್ಕು ಕಿಟ್ ಸಿಗುವ ಮಾತೇ ಇಲ್ಲ ಎಂದು ಗೊತ್ತಾದ ಮೇಲೆ ಅವರೊಂದು ಪದ್ಧತಿ ಮಾಡಿಕೊಂಡರು. ಸಿಕ್ಕ ಒಂದೇ ಡಬ್ಬಿಯನ್ನು ನಾಲ್ವರೂ ಕೂಡಿ ಕಟ್ಟುವುದು. ಇಂಡಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಸಿದ್ರಾಮ ತುಂಡು ಕತ್ತರಿಸಿ ಉಜ್ಜುತ್ತಾನೆ. ಸಿಂದಗಿಯಲ್ಲಿ ದಾವಲಮಲಿಕ ಅಂಟಿಸುತ್ತಾನೆ. ಮುದ್ದೇಬಿಹಾಳದಲ್ಲಿ ಮದುವೆ ಹೆಣ್ಣುಗಳಿಗೆ ಮೆಹೆಂದಿ ಹಾಕುವ ಮೆಹನಾಜ ಬಣ್ಣ ಬಳಿಯುತ್ತಾಳೆ. ಬಾಗೇವಾಡಿ ಹತ್ತಿರದ ಇಂಗಳೇಶ್ವರದ ಡ್ರಾಯಿಂಗ್ ಮಾಸ್ತರ ಧರ್ಮರಾಜ ಕೊನೆಗೆ ಅಂಕಿ, ಗುರುತುಗಳ ಸ್ಟಿಕ್ಕರ್ ಅಂಟಿಸಿ ಹೊಳಪು ಕೊಡುತ್ತಾನೆ. ಡಬ್ಬಿ ಊರಿಂದೂರಿಗೆ ಹೋಗುವುದು ಬಸ್ಸಿನಲ್ಲಿ. ಈ ಕಡೆ ಊಟದ ಡಬ್ಬಿ, ಔಷಧ, ಮದುವೆ ಕಾರ್ಡು, ಎಲ್ಲ ಹೋಗುವುದು ಹಾಗೆಯೇ. ಡ್ರೈವರ್ ಕೈಗೆ ಕೊಟ್ಟು ಬಸ್ಸಿನ ನಂಬರ್ ಫೋನಿನಲ್ಲಿ ಹೇಳಿದರೆ ಆಯಿತು. ಮುಗಿದ ಹಡಗು ಪಾಳಿಯ ಪ್ರಕಾರ ಒಬ್ಬೊಬ್ಬರ ಮನೆಗೆ. ಮೊದಲಿನ ಮೂರು ಆ ಮೂವರ ಮನೆ ಸೇರಿದ್ದವು. ನಾಲ್ಕನೆಯದು ದಾವಲಮಲಿಕನದು.

ಅದೂ ಎಂಥ ನಾಲ್ಕನೆಯದು! ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ಸೊಲ್ಲಾಪುರದಲ್ಲಿ ಉಸ್ತಾದನ ಕೈಕೆಳಗೆ ಗಡಿಯಾರ ಕಲಿಯುವಾಗ, ದಾರಿಯ ಅಂಗಡಿಯೊಂದರ ಗಾಜಿನೊಳಗೆ ಒಂದು ಜಪಾನಿ ಡಬ್ಬಿ ಇತ್ತು. ಅಗಲ ರೆಕ್ಕೆಯ ಬೂದು ಹಡಗಿನ ಚಿತ್ರ. ದಿನಾ ಐದು ನಿಮಿಷ ಅದರ ಮುಂದೆ ನಿಲ್ಲುತ್ತಿದ್ದ. ಒಂದು ದಿನ ಡಬ್ಬಿ ಮಾಯವಾಯಿತು, ಯಾರೋ ಒಯ್ದಿದ್ದರು. ಆಮೇಲೆ ಕಂಪನಿಯವರು ಅದನ್ನು ಮಾಡುವುದನ್ನೇ ಬಿಟ್ಟರು. ಮೂವತ್ತೆಂಟು ವರ್ಷದ ಮೇಲೆ, ತಾಮ್ರದ ತಂತಿ ತರಲು ಸೊಲ್ಲಾಪುರಕ್ಕೆ ಹೋದ ಸಿದ್ರಾಮನಿಗೆ ಒಂದು ಹಳೆ ಅಂಗಡಿಯ ಅಟ್ಟದಲ್ಲಿ ಅದೇ ಸಿಕ್ಕಿತು. ಧೂಳು ಹಿಡಿದ ಒಂದೇ ಒಂದು ಡಬ್ಬಿ. ಸಿದ್ರಾಮ ಫೋಟೊ ಕಳಿಸಿದಾಗ ದಾವಲಮಲಿಕ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತು ಅತ್ತುಬಿಟ್ಟ. ಗಂಡಸು ಪ್ಲಾಸ್ಟಿಕ್ಕಿಗೆ ಅಳುತ್ತಾನೆಯೇ ಎಂದು ಕೇಳುವವರು ತಮ್ಮ ಕಪಾಟಿನಲ್ಲಿ ಏನೇನು ಬಚ್ಚಿಟ್ಟಿದ್ದಾರೆ, ಒಮ್ಮೆ ನೋಡಿಕೊಳ್ಳಲಿ.

ಮೇ ತಿಂಗಳ ಆ ದಿನ ಸಿದ್ರಾಮ ತುಂಡುಗಳನ್ನು ಉಜ್ಜಿ ಮುಗಿಸಿ ಡಬ್ಬಿಯನ್ನು ಆಲಮೇಲದ ಮೇಲೆ ಸಿಂದಗಿಗೆ ಬರುವ ಬಸ್ಸಿಗೆ ಹಾಕುವುದಿತ್ತು. ಬೆಳಿಗ್ಗೆಯೇ ದಾವಲಮಲಿಕ ಫೋನ್ ಮಾಡಿ ಹತ್ತು ಸಲ ಹೇಳಿದ:

“ಹಿಂದ ಇಡಬ್ಯಾಡೋ, ಹೋದ ಸಲ ಉಳ್ಳಾಗಡ್ಡಿ ಚೀಲದ ಕೆಳಗ ಸಿಕ್ಕಿತ್ತು. ಬಾನೆಟ್ ಮ್ಯಾಲ ಇಡ್ಸು. ಡ್ರೈವರನ ಕಣ್ಣಮುಂದ ಇರ್ತೈತಿ.”

“ಆತ್ರಿ ಕಾಕಾ. ಬಾನೆಟ್ ಮ್ಯಾಲಽ ಇಡಸ್ತೇನಿ.”

ಹಳೇ ಬಸ್ಸುಗಳಲ್ಲಿ ಡ್ರೈವರನ ಪಕ್ಕ ಎಂಜಿನ್ನಿನ ಮೇಲಿರುತ್ತದಲ್ಲ, ಅಗಲವಾದ ಮುಚ್ಚಳ, ಅದೇ ಬಾನೆಟ್. ಬಸ್ಸಿನಲ್ಲಿ ಮರ್ಯಾದೆಯ ಜಾಗ ಅದು. ದಾವಲಮಲಿಕ ಮೂವತ್ತು ವರ್ಷ ಗೋಡೆ ಗಡಿಯಾರಗಳನ್ನು ಊರೂರಿಗೆ ಕಳಿಸಿದ್ದು ಅದರ ಮೇಲೆಯೇ. ಒಂದಕ್ಕೂ ಗೀರು ಬಿದ್ದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಜನ್ನತಬಿ ಮಾಳಿಗೆಯಿಂದ ಇಳಿದು ಬಂದಳು. ಸಂಡಿಗೆ ಒಣಹಾಕಲು ಹೋದವಳ ಕೈಯಲ್ಲಿ ನೀರು ಮೊಗೆಯುವ ಪ್ಲಾಸ್ಟಿಕ್ ಮಗ್ಗು. ಅದರ ಬಾಯಿ ಸೊಟ್ಟಗಾಗಿ ಮಡಚಿಕೊಂಡಿತ್ತು.

“ನೋಡ್ರಿ ಬಿಸಲು! ಒಂದು ತಾಸು ಪತ್ರಾಸಿನ ಮ್ಯಾಲ ಮರತಿದ್ದೆ, ಮಗ್ಗಽ ಹಿಂಗಾತು.”

ದಾವಲಮಲಿಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಗ್ಗನ್ನೇ ನೋಡಿದ. ಬಿಸಿಲಿಗೆ ಕಾದ ಪತ್ರಾಸಿನ ತಗಡೇ ಹೀಗೆ ಮಾಡಿದರೆ, ಕುದಿಯುವ ಎಂಜಿನ್ನಿನ ಮೇಲಿನ ಮುಚ್ಚಳ? ಗಡಿಯಾರ ಹಿತ್ತಾಳೆಯದು, ಕಟ್ಟಿಗೆಯದು, ತಡೆದುಕೊಂಡಿತು. ಇದು ಪ್ಲಾಸ್ಟಿಕ್ಕು. ಮೂವತ್ತು ವರ್ಷದ ರೂಢಿ ಅವನ ಬುದ್ಧಿಗೆ ಮಂಕುಬೂದಿ ಎರಚಿತ್ತು.

ಎಂಜಲುಗೈಯಲ್ಲೇ ಫೋನ್ ಹಚ್ಚಿದ. “ಸಿದ್ರಾಮ, ಬಸ್ಸು ಬಿಟ್ತೇನೋ?”

“ಮುಕ್ಕಾಲು ತಾಸಾತಲ್ರಿ ಕಾಕಾ. ನೀವು ಹೇಳಿದಂಗ ಬಾನೆಟ್ ಮ್ಯಾಲ—”

“ಡ್ರೈವರಂದು ನಂಬರ್ ಐತೇನು?”

“ಇಲ್ರಿ. ಬಸ್ಸಿನ ನಂಬರ್ ಅಷ್ಟಽ ಐತಿ. ಯಾಕ್ರಿ, ಏನಾತು?”

ಫೋನ್ ಜೇಬಿಗಿಳಿಸಿ ಗಾಡಿಯ ಕಿಕ್ ಒದ್ದ. ಜನ್ನತಬಿ ಬಾಗಿಲಿಗೆ ಬಂದು “ಏನ್ರಿ, ಊಟ? ತಲಿಗೆ ಏನರ ಕಟ್ಕೋರಿ, ಬಿಸಲೈತಿ!” ಎಂದು ಕೂಗಿದ್ದು ಗಲ್ಲಿಯಲ್ಲೇ ಉಳಿಯಿತು.

ಆಲಮೇಲದ ರಸ್ತೆ ಉದ್ದಕ್ಕೂ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದೂರದಲ್ಲಿ ಏನು ಕಂಡರೂ ಬಸ್ಸೇ ಅನ್ನಿಸುತ್ತಿತ್ತು. ಹತ್ತಿರ ಬಂದರೆ ಲಾರಿ. ಮತ್ತೊಂದು ಬಂದರೆ ಹಾಲಿನ ಗಾಡಿ. ಒಂದೊಂದು ನಿಮಿಷ ತಡವಾದರೂ ಡಬ್ಬಿಯ ತಳ ಇನ್ನೊಂದಿಷ್ಟು ಕಾಯುತ್ತದೆ. ಡಬ್ಬಿಯ ತಳದಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಿತ್ತು, ಅದೇ ಪ್ರಾಣ ಹಿಂಡುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತುಂಡು, ರೆಕ್ಕೆ. ಅದು ಹೋದರೆ ಹಡಗೇ ಹೋಯಿತು. ಬೇರೆ ತರಿಸಲು ಜಗತ್ತಿನಲ್ಲಿ ಇನ್ನೊಂದು ಡಬ್ಬಿ ಎಲ್ಲಿದೆ? “ಮೂರ್ಖ, ಮೂರ್ಖ” ಎಂದು ತನ್ನನ್ನೇ ಬೈದುಕೊಳ್ಳುತ್ತ ಗಾಡಿ ಓಡಿಸಿದ.

ಆಲಮೇಲ ಇನ್ನೂ ಎರಡು ಮೈಲಿ ಇರುವಾಗ ಆ ನಂಬರಿನ ಬಸ್ಸು ಎದುರಿಗೆ ಬಂತು. ಕೈ ಮಾಡಿದರೆ ನಿಲ್ಲುವ ಜಾಗವಲ್ಲ ಅದು. ದಾವಲಮಲಿಕ ಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಟೋಪಿ ಬೀಸುತ್ತ ನಡುರಸ್ತೆಯಲ್ಲಿ ನಿಂತುಬಿಟ್ಟ. ಹಾರ್ನಿನ ಸದ್ದಿಗೆ ಕಿವಿ ಗಡಚಿಕ್ಕಿತು. ಬ್ರೇಕ್ ಕಿರುಚಿ, ಬಸ್ಸು ಅವನಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು.

“ಸಾಯಾಕ ನನ್ನ ಬಸ್ಸಽ ಬೇಕಾಗಿತ್ತೇನೋ ನಿನಗ?” ಎಂದು ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಗದರಿದ.

“ಡಬ್ಬಿ ಕೊಡ್ರಿ. ಇಂಡಿಯಿಂದ ಬಂದದ್ದು. ನಂದ ಅದು.”

ಬಾನೆಟ್ಟಿನ ಮೇಲೆ ಡಬ್ಬಿ ಇತ್ತು. ಅದರ ಮೇಲೆ ಕಾಯಿಪಲ್ಯದ ಗಂಟು, ಗಂಟಿಗೆ ಮೊಣಕೈ ಊರಿ ಕುಳಿತ ಒಬ್ಬ ಮುದುಕಿ. ಡ್ರೈವರ್ ಗಂಟು ಸರಿಸಿ ಡಬ್ಬಿ ಎತ್ತಿ ಕೊಡುತ್ತ ಹೇಳಿದ: “ಇದಕ್ಕ ಇಷ್ಟ್ಯಾಕ ಗಾಬರಿ ಆಗೀರಿ ಚಾಚಾ? ಹೂವಿನಂಗ ತಂದೇನಿ, ಕಣ್ಣ ತಗದಿಲ್ಲ.”

ಡಬ್ಬಿಯ ತಳ ಮುಟ್ಟಿದರೆ ತವೆ ಮುಟ್ಟಿದಂತಿತ್ತು. ಬಸ್ಸು ಹೋದ ಮೇಲೆ ಬೇವಿನ ಗಿಡದ ಕೆಳಗೆ ಕೂತು ಮುಚ್ಚಳ ತೆಗೆದ. ಸಣ್ಣ ತುಂಡುಗಳೆಲ್ಲ ನೆಟ್ಟಗಿದ್ದವು. ರೆಕ್ಕೆ ಮಾತ್ರ ತವೆಯ ಮೇಲೆ ಮರೆತ ರೊಟ್ಟಿಯ ಹಾಗೆ ಅಂಚೆಲ್ಲ ಮೇಲೆದ್ದು ಸೊಟ್ಟಗಾಗಿತ್ತು. ದಾವಲಮಲಿಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಒತ್ತಿ ನೋಡಿದ, ಅಂಚು ಮತ್ತೆ ಮೇಲೆದ್ದಿತು. ಯಾರಿಗೆ ಬೈಯಬೇಕು? ಇಡಲು ಹೇಳಿದವನು ಅವನೇ.

ಮನೆಗೆ ಬಂದವನೇ ಧರ್ಮರಾಜ ಮಾಸ್ತರನಿಗೆ ಫೋನ್ ಮಾಡಿದ. ಮಾಸ್ತರ ಹೇಳಿದ್ದಿಷ್ಟು: ಬಿಸಿಗೆ ಬಾಗಿದ್ದು ಬಿಸಿಗೇ ನೆಟ್ಟಗಾಗಬೇಕು. ನೀರು ಕುದಿಸಿ, ಅದರಲ್ಲಿ ಅದ್ದಿ, ಮೆತ್ತಗಾದ ಕ್ಷಣಕ್ಕೇ ಸಪಾಟು ಕಲ್ಲಿನ ಮೇಲೆ ಒತ್ತಬೇಕು. “ಒಂದು ಸಲ, ಭಾಳಂದ್ರ ಎರಡು ಸಲ. ಅದರ ಮ್ಯಾಲ ಅದ್ದಿದ್ರ ಸೀಳತೈತ್ರಿ ಕಾಕಾ. ಹಳೇ ಪ್ಲಾಸ್ಟಿಕ್.”

ಮೊದಲನೇ ಸಲ ದಾವಲಮಲಿಕ ಇಕ್ಕಳದಿಂದ ಹಿಡಿದು ಅದ್ದಿದ. ಕಲ್ಲಿಗೆ ತರುವಷ್ಟರಲ್ಲಿ ತುಂಡು ತಣಿದು ಗಟ್ಟಿಯಾಯಿತು. ಇಕ್ಕಳ ಹಿಡಿದ ಕಡೆ ಇನ್ನಷ್ಟು ತಿರುಚಿಕೊಂಡಿತು. ಬರಿಗೈಯನ್ನು ನೀರಿಗೆ ಹಾಕಲು ಹೋದರೆ ಬೆರಳು ತಾಗುತ್ತಲೇ ಕೈ ತಾನಾಗಿ ಹಿಂದಕ್ಕೆ ಬಂತು. ಇನ್ನೊಮ್ಮೆ ಪ್ರಯತ್ನಿಸಿದ, ಆಗಲಿಲ್ಲ. ಸಾಸಿವೆಯಂಥ ಸ್ಕ್ರೂ ಹಿಡಿದ ಕೈಗೆ ಬಿಸಿ ತಡೆಯುವುದು ಗೊತ್ತಿರಲಿಲ್ಲ. ಉಳಿದದ್ದು ಒಂದೇ ಸಲ.

ಜನ್ನತಬಿ ಒಲೆಯ ಆಚೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಹತ್ತಿರ ಬರಲಿಲ್ಲ. ಯಾಕೆ ಬರಲಿಲ್ಲ ಎಂದರೆ, ಎಂಟು ವರ್ಷದ ಹಿಂದೆ, ಅಂಟಿಸಲು ಬಂದು ಅವನ ಮೇಜಿನ ಮೇಲಿದ್ದ ಮೊದಲನೇ ಹಡಗಿನ ಧೂಳು ಒರೆಸಲು ಹೋಗಿ ಅದರ ಕಡ್ಡಿಯೊಂದನ್ನು ಮುರಿದಿದ್ದಳು. ದಾವಲಮಲಿಕ ನಾಲ್ಕು ದಿನ ಮಾತು ಬಿಟ್ಟಿದ್ದ. ಅವತ್ತು ಆಡಿದ್ದು ಒಂದೇ ಮಾತು: “ಮುಟ್ಟಬ್ಯಾಡ.” ಅಂದಿನಿಂದ ಆಕೆ ಆ ಮೇಜಿನ ಸುತ್ತ ಕಸ ಗುಡಿಸುತ್ತಿದ್ದಳು, ಮೇಜಿಗೆ ಸೆರಗೂ ತಾಗಿಸಿರಲಿಲ್ಲ.

ಈಗ ದಾವಲಮಲಿಕ ತಲೆಯೆತ್ತಿ ಆಕೆಯ ಕೈ ನೋಡಿದ. ನಲವತ್ತು ವರ್ಷ ದಿನಾ ಎರಡು ಹೊತ್ತು ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದು, ಆರುವ ಮೊದಲೇ ನಾದಿದ ಕೈ. ತವೆಯ ಮೇಲಿನ ರೊಟ್ಟಿಯನ್ನು ಬರಿಬೆರಳಲ್ಲಿ ಮಗುಚುವ ಕೈ. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡದೆಯೇ ತಟ್ಟುವ ಕೈ. ರೆಕ್ಕೆಯನ್ನು ನೋಡಿದ, ಮತ್ತೆ ಆ ಕೈಯನ್ನೇ ನೋಡಿದ. ನೀರು ಕೊತಕೊತ ಕುದಿಯುತ್ತಿತ್ತು.

“ಕೇಳ್ರಿ,” ಅಂದಳು ಜನ್ನತಬಿ. “ಬಾಯಿಬಿಟ್ಟು ಕೇಳ್ರಿ. ತಾನಾಗಿ ಬಂದು ಮುಟ್ಟಾಕಿ ಅಲ್ಲ ನಾ.”

“ಮುರದ್ರ ಇನ್ನೊಂದಿಲ್ಲ, ಜನ್ನತ.”

“ಗೊತ್ತೈತಿ. ಹಿಂದ ಮುರದದ್ದೂ ನೆನಪೈತಿ.”

ದಾವಲಮಲಿಕನಿಗೆ ನಾಚಿಕೆ ಎಂದರೆ ನಾಚಿಕೆ, ಭಯ ಎಂದರೆ ಭಯ. ರೆಕ್ಕೆಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ.

“ಮುಟ್ಟು,” ಅಂದ.

ಆಕೆ ಬಳೆ ಮೇಲಕ್ಕೆ ಸರಿಸಿದಳು. ರೊಟ್ಟಿ ಬಡಿಯುವ ಕಲ್ಲನ್ನು ಒಲೆಯ ಪಕ್ಕಕ್ಕೇ ಎಳೆದುಕೊಂಡಳು. “ಬಿಸ್ಮಿಲ್ಲಾ” ಎಂದು ರೆಕ್ಕೆಯನ್ನು ನೀರಿಗಿಳಿಸಿದಳು, ಬೆರಳಿನ ತುದಿಗಳೂ ನೀರಿನಲ್ಲೇ. ದಾವಲಮಲಿಕನಿಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಒಂದು, ಎರಡು, ಮೂರು. ಆಕೆಯ ಹಣೆಯಲ್ಲಿ ಬೆವರು ಮೂಡಿತು, ಹಲ್ಲು ಕಚ್ಚಿದಳು, ಕೈ ಕದಲಲಿಲ್ಲ. “ಮೆತ್ತಗಾತು” ಅಂದವಳೇ ಎತ್ತಿ ಕಲ್ಲಿಗೆ ಹಾಕಿ, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಒತ್ತುತ್ತ ಹೋದಳು. ಟಕ್ ಎಂದು ಒಂದು ಸದ್ದು ಬಂದಾಗ ದಾವಲಮಲಿಕನ ಜೀವ ಹಾರಿಹೋಯಿತು. ಬಳೆ ಕಲ್ಲಿಗೆ ಬಡಿದ ಸದ್ದು ಅದು.

ಆಕೆ ಕೈ ತೆಗೆದಾಗ ರೆಕ್ಕೆ ಕಲ್ಲಿಗೆ ಅಂಟಿದಂತೆ ಸಪಾಟಾಗಿ ಮಲಗಿತ್ತು. ಸೀಳಿರಲಿಲ್ಲ. ಆಕೆಯ ಬೆರಳ ತುದಿಗಳು ಕೆಂಪಗೆ ಸುಟ್ಟಿದ್ದವು. ದಾವಲಮಲಿಕ ರೆಕ್ಕೆಯನ್ನು ಅಲ್ಲೇ ಬಿಟ್ಟು, ತಣ್ಣೀರಿನ ತಂಬಿಗೆ ತಂದು ಆಕೆಯ ಕೈಯನ್ನು ಅದರಲ್ಲಿ ಅದ್ದಿ ಹಿಡಿದುಕೊಂಡು ಕೂತ.

“ಹಡಗು ನೋಡ್ರಿ ಮೊದಲು,” ಅಂದಳು.

“ನೋಡ್ತೇನಿ, ಸುಮ್ಮನಿರು,” ಅಂದ. ನೋಡಲಿಲ್ಲ.

ಹನ್ನೆರಡು ದಿನಕ್ಕೆ ಅಂಟಿಸುವ ಕೆಲಸ ಮುಗಿಸಿ ಹಡಗನ್ನು ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಕಳಿಸಿದ. ಈ ಸಲ ಬಾನೆಟ್ಟಿನ ಮೇಲಲ್ಲ, ಕಂಡಕ್ಟರನ ಸೀಟಿನ ಪಕ್ಕ. ಮರುದಿನ ಅಂಗಡಿ ತೆರೆಯುವ ಮೊದಲೇ ಮೆಹನಾಜಳ ಫೋನ್ ಬಂತು.

“ಚಾಚಾ, ರೆಕ್ಕಿ ಅಡಿಯಾಗ ಒಂದು ತಗ್ಗು ಬಿದ್ದೈತ್ರಿ. ಹೆಬ್ಬೆರಳು ಒತ್ತಿದಂಗ ಕಾಣತೈತಿ. ಪುಟ್ಟಿ ಮೆತ್ತಿ ಉಜ್ಜಿ ಸಪಾಟ ಮಾಡ್ಲೇನ್ರಿ?”

ಒಳಗೆ ಜನ್ನತಬಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸುಟ್ಟ ಬೆರಳಿಗೆ ಇನ್ನೂ ಬಟ್ಟೆ ಸುತ್ತಿಕೊಂಡಿದ್ದಳು, ಅದಕ್ಕೇ ಸದ್ದು ಇಷ್ಟು ಮೆಲ್ಲಗೆ.

“ಬ್ಯಾಡವ್ವಾ,” ಅಂದ ದಾವಲಮಲಿಕ. “ಅದನ್ನ ಮುಟ್ಟಬ್ಯಾಡ.”