ಮಾಳಿಗಿ ಕಾಣ್ತದೇನು

ರಾಯಚೂರಿನ ರೈಲು ನಿಲ್ದಾಣದ ಹೊರಗೆ ಸೀತಾಫಲದ ಬುಟ್ಟಿಗಳು ಬಂದು ಕೂತ ದಿನ, ಆಟೋಗಳ ಹೊಗೆಯನ್ನೂ ದಾಟಿ ಆ ಮಾಗಿದ ವಾಸನೆ ಮೂಗಿಗೆ ತಾಕಿದರೆ ನನ್ನ ಕಣ್ಣ ಮುಂದೆ ಒಂದು ಮಣ್ಣಿನ ಮಾಳಿಗೆ ಬರುತ್ತದೆ. ಮಾಳಿಗೆಯ ಮೇಲೆ ಒಣಹುಲ್ಲು, ಹುಲ್ಲಿನಲ್ಲಿ ಹಣ್ಣಾಗಲೆಂದು ಹರವಿದ ಕಾಯಿ, ಬೆಳಕಿಂಡಿಯಿಂದ ಮೇಲೇಳುವ ಒಲೆಯ ಹೊಗೆ. ದೇವದುರ್ಗದಾಚೆ ಗುಡ್ಡದ ಬುಡದಲ್ಲಿದ್ದ ನಮ್ಮ ಮನೆ ಅದು. ಈಗ ಜಲಾಶಯದ ನೀರಿನಡಿ ಇದೆ. ಆ ಮನೆಯದೆಂದು ನನ್ನ ಬಳಿ ಉಳಿದಿದ್ದು ಇದೊಂದೇ ನೆನಪು. ಅದಾದರೂ ನನ್ನದು ಎಂದುಕೊಂಡಿದ್ದೆ.

ಹೋದ ದೀಪಾವಳಿಗೆ ಮೊದಲು ಶಾಂತಕ್ಕನ ಜೊತೆ ಆ ಗುಡ್ಡಕ್ಕೆ ಹೋದೆ. ಪೋತ್ನಾಳದಲ್ಲಿರುವ ಅವಳು ನನ್ನ ದೊಡ್ಡವ್ವನ ಮಗಳು. ಮನೆ ಮುಳುಗಿದ ಮೇಲೆ ನಮ್ಮವರು ಕುರ್ಡಿಗೆ ಬಂದು ನೆಲೆಸಿದರು. ಆದರೂ ಪ್ರತಿವರ್ಷ ಸೀತಾಫಲದ ಕಾಲಕ್ಕೆ ದೊಡ್ಡವ್ವ ಬುತ್ತಿ ಕಟ್ಟಿಕೊಂಡು ನಮ್ಮಿಬ್ಬರನ್ನೂ ಇಲ್ಲಿಗೆ ಕರೆತರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾವು ಈ ಕಡೆ ಬಂದಿರಲಿಲ್ಲ. ಬೆಳಗಿನಿಂದ ಬಂಡೆಗಳ ನಡುವೆ ನಡೆದೆವು. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸೀರೆಯ ಅಂಚಿಗೆಲ್ಲ ಹುಲ್ಲಿನ ಮುಳ್ಳು. ಕಾಯಿಯ ಗೆರೆಗಳು ಬಿಳಿಚಿ ಅಗಲವಾದರೆ ಅದು ಕಣ್ಣು ಬಿಟ್ಟಿದೆ ಎನ್ನುತ್ತಿದ್ದಳು ದೊಡ್ಡವ್ವ. ಕಣ್ಣು ಬಿಡದ್ದನ್ನು ಕಿತ್ತರೆ ಹುಲ್ಲಿನಲ್ಲಿಟ್ಟರೂ ಕಪ್ಪಾಗಿ ಕಲ್ಲಾಗುತ್ತದೆ. ಶಾಂತಕ್ಕ ಹಾಗೆಯೇ ನೋಡಿ ನೋಡಿ ಕಿತ್ತು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

ನೆತ್ತಿಯ ಬಂಡೆಯ ಮೇಲೆ ರೊಟ್ಟಿ ಬಿಚ್ಚಿದೆವು. ಕೆಳಗೆ ನೀರು ತುಂಬಿ ನಿಂತಿತ್ತು.

"ಮಾಳಿಗಿ ಮ್ಯಾಲ ಹಣ್ಣು ಹರವಿದ್ದು ಇನ್ನಾ ಕಣ್ಣಿಗೆ ಕಟ್ಟಿದಂಗ ಅದ ಅಕ್ಕಾ" ಎಂದೆ.

ಅವಳು ತುತ್ತು ಕೈಯಲ್ಲೇ ಹಿಡಿದು ನಕ್ಕಳು. "ನಿನಗ ಹೆಂಗ ನೆನಪಿರ್ತದಬೇ? ನೀರು ಬಂದಾಗ ನೀ ಹುಟ್ಟೇ ಇದ್ದಿಲ್ಲ. ನನಗ ಆಗ ನಾಕು ವರ್ಷ. ಎಂ.ಎ. ಓದಿದಾಕಿಗೆ ಇಷ್ಟೂ ಲೆಕ್ಕ ಬರಂಗಿಲ್ಲೇನು?"

ಲೆಕ್ಕ ಅವಳದೇ ಸರಿ. ಹಾಗಾದರೆ ನಾನು ಕಂಡದ್ದೇನು? ಇದೇ ಬಂಡೆ. ದೊಡ್ಡವ್ವ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಗದ್ದ ಹಿಡಿದು ನೀರಿನ ಕಡೆ ತಿರುಗಿಸುತ್ತಿದ್ದಳು. "ಅಗೋ ಬೇವಿನ ಗಿಡ. ಅದರ ಬಾಜೂಕ ನಮ್ಮ ಮಾಳಿಗಿ. ಹಣ್ಣು ಹರವೀನಿ ನೋಡು. ಮಾಳಿಗಿ ಕಾಣ್ತದೇನು?" ಕಾಣ್ತದ ಎನ್ನುತ್ತಿದ್ದೆ. ಆಟವೆಂದುಕೊಂಡಿದ್ದೆ. ನಿಮ್ಮ ಬಳಿಯೂ ಹೀಗೆ ಇನ್ನೊಬ್ಬರ ಬಾಯಿಂದ ಬಂದು ನಿಮ್ಮದೇ ಆಗಿಹೋದ ನೆನಪೊಂದು ಇರಬಹುದು. ಆ ನೆನಪು ನನ್ನದಲ್ಲ ಎಂಬುದಕ್ಕಿಂತ ನನ್ನನ್ನು ಕಾಡುವುದು ಇದು: ಹಾಗೆ ಕೇಳುವಾಗ ಅವಳ ಮುಖ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ. ಗದ್ದ ಅವಳ ಕೈಯಲ್ಲಿತ್ತು. ನಾನು ನೀರನ್ನಷ್ಟೇ ನೋಡಿದೆ.

ಇದನ್ನು ಹೇಳಿದಾಗ ಶಾಂತಕ್ಕ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

"ಮೊದಲು ನನಗೇ ಕೇಳ್ತಿದ್ದಳು" ಎಂದಳು. "ಬರೇ ನೀರು ಅದ ಯವ್ವಾ ಅಂತಿದ್ದೆ. ಅದಕ್ಕ ನಿನ್ನ ಕೂಡಿಸ್ಕೊಳ್ಳಾಕ ಶುರು ಮಾಡಿದಳು."

ಬಿಸಿಲು ಇಳಿಯುತ್ತಿತ್ತು. ಸೆರಗಿನ ಗಂಟು ಕಟ್ಟಿ ಎದ್ದವಳು ಮತ್ತೆ ಕೂತಳು.

"ಈಗರ ಕಾಣ್ತದೇನಬೇ ನಿನಗ?"

"ಕಾಣ್ತದ."

"ಎಲ್ಲಿ?"

ಅವಳ ಗದ್ದ ಹಿಡಿದು ನೀರಿನ ಕಡೆ ತಿರುಗಿಸಿದೆ. ಬೇವಿನ ಗಿಡದಿಂದ ಶುರು ಮಾಡಿದೆ. ಈ ಸಲ ನಾನು ನೀರನ್ನು ನೋಡಲಿಲ್ಲ.