ಪಂಕ್ತಿ ಏಳುವವರೆಗೆ

ನಾನು ದಪ್ಪಗಿದ್ದೆ. ಎಷ್ಟು ಅಂದರೆ, ವಿಜಯನಗರದ ಬಸ್ಸಿನಲ್ಲಿ ನನ್ನ ಪಕ್ಕ ಕೂರಲು ಯಾರೂ ಬರುತ್ತಿರಲಿಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಉಪ್ಪಿಟ್ಟು ತಿಂದು ತೆಪ್ಪಗೆ ಎದ್ದು ಹೋದವರೇ. ಎಂಬತ್ತರ ದಶಕದ ಶುರುವಿನಲ್ಲಿ, ಪರದೇಶದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಆಪರೇಷನ್ ಮಾಡಿದರೆ ತೂಕ ಇಳಿಯುತ್ತದೆ ಎಂದಾಗ, ಹಾಳಾಗಿ ಹೋಗಲಿ ಎಂದು ಒಪ್ಪಿಕೊಂಡೆ. ಕರುಳಿನ ಬಹುಪಾಲನ್ನು ಒಳಗೇ ಬದಿಗೆ ಬಿಟ್ಟು, ಮೇಲಿನ ತುಂಡನ್ನು ಕೆಳಗಿನ ತುಂಡಿಗೆ ಹೊಲಿದರು.

ತೂಕ ಇಳಿಯಿತು, ನಿಜ. ಆದರೆ ತುತ್ತು ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೇ ಓಡಬೇಕು. ರಾಜಾಜಿನಗರದ ಫ್ಯಾಕ್ಟರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದ ನಾನು ಮಧ್ಯಾಹ್ನದ ಊಟವನ್ನೇ ಬಿಟ್ಟೆ. ಅದನ್ನೂ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ತಂಗಿಯ ಮದುವೆಯಲ್ಲಿ ಆದದ್ದು.

ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು, ಹಿರಿಯರು ಮಜ್ಜಿಗೆ ಅನ್ನ ಮುಗಿಸಿ ಏಳುವವರೆಗೆ ಏಳುವ ಹಾಗಿಲ್ಲ. ನಡುವೆ ಎದ್ದರೆ ಪಕ್ಕದವರಿಗೂ ಬಡಿಸಿದವರಿಗೂ ಅವಮಾನ. ನನ್ನನ್ನು ತಂಗಿಯ ಅತ್ತೆಯ ಪಕ್ಕದಲ್ಲೇ ಕೂರಿಸಿದರು. ಸಾರು ಬರುವಷ್ಟರಲ್ಲಿ ಹೊಟ್ಟೆ ತಿರುಚಿತು. ಹಲ್ಲು ಕಚ್ಚಿ ಕೂತೆ. ಆಗಲಿಲ್ಲ, ಎದ್ದು ಓಡಿದೆ.

"ಅಯ್ಯೋ, ನಮ್ ಜೊತೆ ಕೂತು ಉಣ್ಣಕ್ಕೆ ಅಷ್ಟು ಅಸಹ್ಯಾನಾ ಇವ್ರಿಗೆ?" ಎಂದು ಆಕೆ ಊರಿಗೆಲ್ಲ ಕೇಳುವ ಹಾಗೆ ಅಂದದ್ದು ಬಚ್ಚಲ ಬಾಗಿಲ ಹಿಂದಿದ್ದ ನನಗೂ ಕೇಳಿಸಿತು. ಏನಂತ ಹೇಳಲಿ? ಹೊಸ ಬೀಗರ ಮುಂದೆ ಭೇದಿಯ ಮಾತಾಡಲೇ? ಆಮೇಲೆ ತಂಗಿಗೆ ಮಾತ್ರ ನಿಜ ಹೇಳಿ ಅತ್ತುಬಿಟ್ಟೆ.

ಅಲ್ಲಿಂದಾಚೆ ಯಾರು ಊಟಕ್ಕೆ ಕರೆದರೂ ಹೋಗುವುದನ್ನು ಬಿಟ್ಟೆ. ಭಾನುವಾರ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಗಂಜಿ ಕುಡಿಯುತ್ತಾ, ಎದುರು ಮನೆಯವರು ಒಟ್ಟಿಗೆ ಉಣ್ಣುವ ತಟ್ಟೆಗಳ ಸದ್ದು ಕೇಳುತ್ತಾ ಕೂರುತ್ತಿದ್ದೆ. ಒಂಟಿತನ ಅಂದರೆ ನನಗೆ ಈಗಲೂ ಆ ಸದ್ದೇ.

ಕೊನೆಗೆ ಉಂಡದ್ದು ಮೈಗೆ ಹತ್ತದೆ ಕಾಲು ಊದಿಕೊಂಡು, ನಿಲ್ಲಲೂ ತ್ರಾಣವಿಲ್ಲದಾಗ ಬೇರೊಬ್ಬ ಸರ್ಜನ್ ಹತ್ತಿರ ಹೋದೆ.

"ಕರುಳನ್ನ ಮೊದಲಿದ್ದ ಹಾಗೇ ಜೋಡಿಸ್ಬೇಕಮ್ಮ. ಆದ್ರೆ ಮತ್ತೆ ದಪ್ಪ ಆಗ್ತೀರ, ಯೋಚ್ನೆ ಮಾಡಿ" ಎಂದರು.

"ಆನೆ ಥರ ಆದ್ರೂ ಪರ್ವಾಗಿಲ್ಲ ಸಾರ್. ಪಂಕ್ತೀಲಿ ಕೊನೇವರೆಗೂ ಕೂತ್ಕೊಳ್ಳೋ ಹಾಗೆ ಮಾಡ್ಕೊಡಿ, ಸಾಕು."

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಎರಡನೇ ಆಪರೇಷನ್ನಿನ ಗಾಯ ಮಾಗಿತು, ಹೊಟ್ಟೆ ಹದಕ್ಕೆ ಬಂತು, ರವಿಕೆಗಳು ಮತ್ತೆ ಬಿಗಿಯಾದವು. ಆಗಲಿ ಬಿಡು ಎಂದುಕೊಂಡೆ. ಅಷ್ಟರಲ್ಲಿ ತಂಗಿಯ ಮನೆಯವರು ಬಸವೇಶ್ವರನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು. ಹೊಸ ಸೀರೆ ಉಟ್ಟು ಹೋದೆ. ತಾರಸಿಯ ಮೇಲೆ ಶಾಮಿಯಾನದಡಿ ಎಲೆ ಹಾಕುತ್ತಿದ್ದರು. ಮೆಟ್ಟಿಲು ಹತ್ತಲು ಹೊರಟವಳ ಕೈಯನ್ನು ತಂಗಿ ಪ್ರೀತಿಯಿಂದಲೇ ಹಿಡಿದಳು.

"ಅಕ್ಕಾ, ನಿಂಗೆ ಇಲ್ಲೇ ಬಚ್ಚಲ ಪಕ್ಕದ ರೂಮಲ್ಲಿ ಎಲೆ ಹಾಕ್ಸಿದೀನಿ. ಯಾವಾಗ ಬೇಕಾದ್ರೂ ಎದ್ದೇಳು, ಯಾರೂ ಏನೂ ಅನ್ನಲ್ಲ."

"ಎಲ್ಲಾ ಸರಿಹೋಗಿದೆ ಅಂತ ಹೇಳಿದ್ನಲ್ಲೇ!"

"ಇರ್ಲಿ ಬಿಡಕ್ಕ. ಅತ್ತೆ ಬೇರೆ ಮೇಲೇ ಕೂತಿದಾರೆ."

ಖಾಲಿ ಕೋಣೆ, ಒಂದೇ ಎಲೆ. ಮೈಯೆಲ್ಲ ಉರಿಯಿತು, ಅಳುವೂ ಬಂತು. ಆದರೂ ಕೂತೆ. ಕೋಸಂಬರಿಯಿಂದ ಹಿಡಿದು ಮಜ್ಜಿಗೆ ಅನ್ನದವರೆಗೆ ಎಲ್ಲವನ್ನೂ ಉಂಡೆ. ಹೊಟ್ಟೆ ಸುಮ್ಮನಿತ್ತು. ಎಂಜಲು ಕೈ ಒಣಗಿತು. ಮೇಲೆ ಪಂಕ್ತಿ ಎದ್ದ ಕಾಲುಗಳ ಸದ್ದು ಕೇಳಿಸುವವರೆಗೆ ನಾನು ಏಳಲಿಲ್ಲ.